ಆಡಿಯೊ ಪಾಠಗಳಿಂದ ಜರ್ಮನ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನ್ ಭಾಷೆಯನ್ನು ಅ-ಆ-ಇ-ಈ ಇಂದಲೇ ಶುರು ಮಾಡುವ ಕನ್ನಡಿಗರಿಗಾಗಿ ಈ ಪುಟ. ಮೊದಲಿಂದ ಕೊನೆಯವರೆಗೆ ಓದಲೇಬೇಕು ಅಂತೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೇ ಹೋಗಬಹುದು. ಉಚ್ಚಾರಣೆಯ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಬರೀ ಕೇಳಿಕೊಂಡೇ ಜರ್ಮನ್ ಬರುತ್ತಾ?

ಬರೀ ಕೇಳಿದರೆ ಬರುವುದಿಲ್ಲ. ಕೇಳಿ, ಬಾಯಿಬಿಟ್ಟು ಉತ್ತರ ಹೇಳಿದರೆ ಬರುತ್ತದೆ.

ಒಳ್ಳೆಯ ಆಡಿಯೊ ಕೋರ್ಸಿನಲ್ಲಿ ಪ್ರತಿ ಪ್ರಶ್ನೆ ಆದಮೇಲೆ ಕೆಲವು ಸೆಕೆಂಡ್ ಯಾರೂ ಮಾತಾಡುವುದಿಲ್ಲ. ಆ ಹೊತ್ತು ನಿಮ್ಮದು. 'ನಾನು ಇವತ್ತು ಬರಲಾರೆ ಅನ್ನಿ' ಎಂದು ಶಿಕ್ಷಕರು ಹೇಳಿದಾಗ ನೀವು ತಡಕಾಡಿ, ಪದ ಹುಡುಕಿ, ವಾಕ್ಯ ಜೋಡಿಸಿ, ತಪ್ಪೋ ಸರಿಯೋ ಜೋರಾಗಿ ಹೇಳಬೇಕು. ಆಮೇಲೆ ಸರಿಯುತ್ತರ ಕೇಳುತ್ತದೆ. ಕಲಿಕೆ ನಡೆಯುವುದು ಆ ತಡಕಾಟದಲ್ಲೇ. ಸುಮ್ನೆ ಕೂತು ಉತ್ತರಕ್ಕೆ ಕಾದರೆ ಎಲ್ಲವೂ ಗೊತ್ತಿರುವ ಹಾಗೆ ಅನಿಸುತ್ತದೆ, ಆದರೆ ಮಾತಾಡುವ ಸಂದರ್ಭ ಬಂದಾಗ ಏನೂ ಹೊರಡುವುದಿಲ್ಲ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಯಾವ ಕೋರ್ಸಿನಿಂದ ಶುರು ಮಾಡಲಿ?

ಹೆಸರಾದ ಕೋರ್ಸುಗಳು ಹಲವಿವೆ. ಒಂದೊಂದರ ದಾರಿ ಒಂದೊಂದು ಥರ.

ಪಿಮ್ಸ್‌ಲರ್ ಕೋರ್ಸಿನ ಹಿಂದಿರುವುದು ಪಾಲ್ ಪಿಮ್ಸ್‌ಲರ್ ಎಂಬ ಭಾಷಾತಜ್ಞರ ಯೋಚನೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೆನಪಿಸಿದರೆ ಪದ ಗಟ್ಟಿಯಾಗಿ ಉಳಿಯುತ್ತದೆ ಎಂದು ಅವರು 1967ರ ಒಂದು ಲೇಖನದಲ್ಲಿ ವಿವರಿಸಿದರು. ಹೊಸ ಪದವನ್ನು 5 ಸೆಕೆಂಡ್ ಬಿಟ್ಟು ಕೇಳಬೇಕು, ಆಮೇಲೆ 25 ಸೆಕೆಂಡ್, 2 ನಿಮಿಷ, 10 ನಿಮಿಷ, ಹೀಗೆ ಅಂತರ ಹಿಗ್ಗುತ್ತಾ ಹೋಗುತ್ತದೆ. ಪಾಠ ಸುಮಾರು 30 ನಿಮಿಷದ್ದು, ಒಂದು ಹಂತಕ್ಕೆ 30 ಪಾಠ. ವ್ಯಾಕರಣದ ವಿವರಣೆ ಬಹಳ ಕಡಿಮೆ. ಬಾಯಿಗೆ ಅಭ್ಯಾಸ ಮಾಡಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ, ಆದರೆ ಹಣ ಕೊಡಬೇಕು. 'ಯಾಕೆ ಹೀಗೆ?' ಎಂದು ಕೇಳುವ ಸ್ವಭಾವದವರಿಗೆ ಸ್ವಲ್ಪ ಕಿರಿಕಿರಿಯೂ ಆಗುತ್ತದೆ.

ಮಿಶೆಲ್ ಥಾಮಸ್ ಅವರ ಪಾಠಗಳಲ್ಲಿ ಶಿಕ್ಷಕರ ಜೊತೆ ಇಬ್ಬರು ವಿದ್ಯಾರ್ಥಿಗಳು ಇರುತ್ತಾರೆ. ಅವರು ತಡವರಿಸುವುದು, ತಪ್ಪುವುದು, ತಿದ್ದಿಕೊಳ್ಳುವುದು ಎಲ್ಲವೂ ನಮಗೆ ಕೇಳಿಸುತ್ತದೆ. ಬರೆದುಕೊಳ್ಳಬೇಡಿ, ಬಾಯಿಪಾಠ ಮಾಡಬೇಡಿ ಎಂಬುದು ಅಲ್ಲಿನ ನಿಯಮ. ಇದಕ್ಕೂ ಹಣ ಕೊಡಬೇಕು.

ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಪೂರ್ತಿ ಉಚಿತ. ಇದೂ ಶಿಕ್ಷಕ ಮತ್ತು ವಿದ್ಯಾರ್ಥಿಯ ಮಾತುಕತೆಯೇ. ವಾಕ್ಯ ಹೇಗೆ ಕಟ್ಟಬೇಕು, ಯಾಕೆ ಹಾಗೆ ಎಂಬುದನ್ನು ತುಂಬಾ ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ. ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಕುಟುಂಬದ ಭಾಷೆಗಳು ಎಂಬುದನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಇಂಗ್ಲಿಷಿನ 'ವಾಟರ್' ಜರ್ಮನ್‌ನಲ್ಲಿ 'ವಾಸ್ಸರ್', 'ಶಿಪ್' ಎಂಬುದು 'ಶಿಫ್'. ಇಂಥ ಹತ್ತಾರು ಜೋಡಿಗಳು ಗೊತ್ತಾದ ಮೇಲೆ ಹೊಸ ಪದಗಳನ್ನು ನಾವೇ ಊಹಿಸಲು ಶುರು ಮಾಡುತ್ತೇವೆ.

ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ಪಾಠಗಳೂ ಉಚಿತ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಯ್ಟೆ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಜೊತೆ ಸೇರಿ ಮಾಡಿದ 'ರಾಡಿಯೊ ಡೇ' ಒಂದು ಪತ್ತೇದಾರಿ ರೇಡಿಯೊ ನಾಟಕದ ಹಾಗಿದೆ. ಪೌಲಾ, ಫಿಲಿಪ್ ಎಂಬ ಇಬ್ಬರು ವರದಿಗಾರರು, ಜೊತೆಗೆ ಮಾತಾಡುವ ಒಂದು ಗೂಬೆ. 26 ಪಾಠಗಳ ಎರಡು ಭಾಗಗಳಿವೆ. 'ಡಾಯ್ಚ್ ವಾರುಮ್ ನಿಶ್ಟ್' ಅದಕ್ಕಿಂತ ಹಳೆಯದು, ನಾಲ್ಕು ಭಾಗ, ಒಂದೊಂದರಲ್ಲೂ 26 ಪಾಠ. ಆಖೆನ್ ನಗರದ ಹೋಟೆಲ್ ಒಂದರಲ್ಲಿ ಕೆಲಸ ಮಾಡುವ ಆಂಡ್ರೆಯಾಸ್ ಎಂಬ ವಿದ್ಯಾರ್ಥಿಯ ಕಥೆ ಅದು. ಕಥೆ ಇಷ್ಟಪಡುವವರಿಗೆ ಇವೆರಡೂ ಹೇಳಿ ಮಾಡಿಸಿದಂತಿವೆ.

ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರಿಗಾಗಿ 1960ರ ದಶಕದಲ್ಲಿ ಹೊರತಂದ ಕೋರ್ಸೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದೇ ವಾಕ್ಯವನ್ನು ಹತ್ತು ಥರ ತಿರುಗಿಸಿ ಹೇಳಿಸುವ ಕಸರತ್ತು ಜಾಸ್ತಿ. ಭಾಷೆಯೂ ಹಳೆಯ ಕಾಲದ್ದು. ಮೊದಲ ಕೋರ್ಸಾಗಿ ಅದನ್ನು ಹಿಡಿಯಬೇಡಿ.

ನನ್ನ ಸಲಹೆ ಕೇಳುವುದಾದರೆ, ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನಿಂದ ಶುರು ಮಾಡಿ. ವಾಕ್ಯದ ಕಟ್ಟೋಣ ಅರ್ಥವಾದ ಮೇಲೆ ರಾಡಿಯೊ ಡೇ ಕೇಳಿ. ಹಣ ಹಾಕಲು ಸಿದ್ಧರಿದ್ದರೆ ಜೊತೆಗೆ ಪಿಮ್ಸ್‌ಲರ್ ಇಟ್ಟುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಶುರು ಮಾಡಿ ನಾಲ್ಕನ್ನೂ ಮೂರನೇ ಪಾಠದಲ್ಲಿ ಬಿಡುವುದಕ್ಕಿಂತ ಒಂದನ್ನು ಮುಗಿಸುವುದು ಎಷ್ಟೋ ಮೇಲು.

ಈ ಕೋರ್ಸುಗಳೆಲ್ಲ ಇಂಗ್ಲಿಷಿನಲ್ಲೇ ಇವೆ. ಕನ್ನಡದಲ್ಲಿ ಯೋಚಿಸುವ ನನಗೆ ತೊಂದರೆ ಆಗುವುದಿಲ್ವಾ?

ಸರಳ ಇಂಗ್ಲಿಷ್ ಅರ್ಥವಾದರೆ ಸಾಕು. ಆದರೆ ಒಂದು ಅಭ್ಯಾಸ ಮಾಡಿಕೊಳ್ಳಿ: ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೂ ಅದರ ಅರ್ಥವನ್ನು ಕನ್ನಡದಲ್ಲಿ ಹಿಡಿದು, ಅಲ್ಲಿಂದ ನೇರ ಜರ್ಮನ್‌ಗೆ ಹೋಗಿ. ಎಷ್ಟೋ ಕಡೆ ಕನ್ನಡದ ದಾರಿಯೇ ಹತ್ತಿರ. 'ನನಗೆ ಇದು ಇಷ್ಟವಾಗುತ್ತದೆ' ಎನ್ನುವುದಕ್ಕೆ ಜರ್ಮನ್‌ನಲ್ಲಿ 'ಡಸ್ ಗೆಫೆಲ್ಟ್ ಮೀರ್'. 'ಮೀರ್' ಅಂದರೆ 'ನನಗೆ'. 'ನನಗೆ ಚಳಿ' ಎನ್ನುವುದಕ್ಕೆ 'ಮೀರ್ ಇಸ್ಟ್ ಕಾಲ್ಟ್'. ಇಂಗ್ಲಿಷ್ ಮೂಲಕ ಹೋದವರು ಇಲ್ಲಿ 'ನಾನು' ಎಂಬ ಪದವನ್ನು ತುರುಕಿ ತಪ್ಪುತ್ತಾರೆ. ನಮಗೆ ಚತುರ್ಥಿ ವಿಭಕ್ತಿ ಬಾಯಲ್ಲೇ ಇದೆ.

ನಡೆಯುವಾಗ, ಬಸ್ಸಿನಲ್ಲಿ, ಮನೆಗೆಲಸ ಮಾಡುವಾಗ ಕೇಳಿದರೆ ನಡೆಯುತ್ತಾ?

ನಡೆಯುತ್ತದೆ, ಬಾಯಿಬಿಟ್ಟು ಹೇಳುವ ಅವಕಾಶ ಇದ್ದರೆ. ಬಸ್ಸಿನಲ್ಲಿ ಜೋರಾಗಿ ಹೇಳಲು ಆಗುವುದಿಲ್ಲ ಅಲ್ವಾ? ಹಾಗಾಗಿ ಹೊಸ ಪಾಠವನ್ನು ಒಬ್ಬರೇ ಇರುವಾಗ ಮಾಡಿ. ಒಮ್ಮೆ ಮುಗಿಸಿದ ಪಾಠವನ್ನು ಬಸ್ಸಿನಲ್ಲಿ ಮತ್ತೆ ಕೇಳಿ, ತುಟಿಯಲ್ಲೇ ಹೇಳಿಕೊಳ್ಳಿ. ರಾತ್ರಿ ಮಲಗುವಾಗ ಹಾಕಿಕೊಂಡು ನಿದ್ದೆ ಮಾಡಿದರೆ ಪ್ರಯೋಜನವಿಲ್ಲ.

ಒಂದು ಪಾಠವನ್ನು ಎಷ್ಟು ಸಲ ಕೇಳಬೇಕು?

ಹತ್ತರಲ್ಲಿ ಎಂಟು ಉತ್ತರಗಳು ಸರಿಯಾದರೆ ಮುಂದೆ ಹೋಗಿ. ಎಲ್ಲವೂ ಸರಿಯಾಗುವವರೆಗೆ ಅಲ್ಲೇ ನಿಂತರೆ ಬೇಜಾರು ಬರುತ್ತದೆ, ಮತ್ತು ಉಳಿದ ಎರಡು ಮುಂದಿನ ಪಾಠಗಳಲ್ಲಿ ಮತ್ತೆ ಬಂದೇ ಬರುತ್ತವೆ.

ಉಚ್ಚಾರಣೆ ನನಗೆ ಬರುತ್ತಾ? ಕನ್ನಡಿಗರಿಗೆ ಎಲ್ಲಿ ಕಷ್ಟ?

ಮೊದಲು ಸಿಹಿ ಸುದ್ದಿ. ಹ್ರಸ್ವ-ದೀರ್ಘ ಸ್ವರಗಳ ವ್ಯತ್ಯಾಸ ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಜರ್ಮನ್‌ನಲ್ಲಿ 'ಶ್ಟಟ್' ಎಂದರೆ ನಗರ, 'ಶ್ಟಾಟ್' ಎಂದರೆ ಪ್ರಭುತ್ವ. ಬೇರೆ ಹಲವು ಭಾಷೆಗಳವರು ಇದನ್ನು ಹಿಡಿಯಲು ಒದ್ದಾಡುತ್ತಾರೆ. ನಮಗೆ ಅದು ಸಲೀಸು.

ಕಷ್ಟ ಇರುವುದು ಬೇರೆ ಕಡೆ. ಕನ್ನಡದಲ್ಲಿ ಇಲ್ಲದ ಎರಡು ಸ್ವರಗಳಿವೆ. ಬಾಯೊಳಗೆ 'ಈ' ಹೇಳುತ್ತಲೇ ತುಟಿಯನ್ನು 'ಊ'ಗೆ ದುಂಡಗೆ ಮಾಡಿ, ಒಂದು ಸ್ವರ ಬಂತು. ಒಳಗೆ 'ಏ' ಹೇಳುತ್ತಾ ತುಟಿಯನ್ನು 'ಓ'ಗೆ ತನ್ನಿ, ಇನ್ನೊಂದು ಬಂತು. ಈ ಎರಡನೆಯದು ಬಾರದಿದ್ದರೆ 'ಚೆಂದ' ಎಂಬ ಪದ 'ಈಗಾಗಲೇ' ಎಂಬ ಪದವಾಗಿ ಕೇಳುತ್ತದೆ. ಕನ್ನಡಿ ಮುಂದೆ ನಿಂತು ತುಟಿ ನೋಡಿಕೊಂಡು ಹೇಳಿದರೆ ಬೇಗ ಬರುತ್ತದೆ.

'ನಾನು' ಎಂಬುದಕ್ಕೆ ನಾವು 'ಇಶ್' ಎಂದು ಬರೆಯುತ್ತೇವಲ್ಲ, ಅದು ನಿಜವಾಗಿ 'ಶ್' ಅಲ್ಲ. 'ಹಿ' ಎಂಬುದನ್ನು ಪಿಸುದನಿಯಲ್ಲಿ ಎಳೆದು ಹೇಳಿದಾಗ ನಾಲಿಗೆಯ ಮೇಲೆ ಗಾಳಿ ಸವರಿಕೊಂಡು ಹೋಗುವ ಸದ್ದು ಬರುತ್ತದೆ, ಅದೇ ಇದು. 'ಆ', 'ಓ', 'ಊ' ಸ್ವರಗಳ ನಂತರ ಮಾತ್ರ ಈ ಸದ್ದು ಗಂಟಲಿಗೆ ಇಳಿದು 'ಬೂಖ್', 'ನಾಖ್ಟ್' ಎಂಬ ಹಾಗೆ ಆಗುತ್ತದೆ.

ಇನ್ನು ನಮ್ಮದೇ ಆದ ಅಭ್ಯಾಸಗಳು. ಇವನ್ನು ಯಾವ ಕೋರ್ಸೂ ಹೇಳಿಕೊಡುವುದಿಲ್ಲ, ಯಾಕೆಂದರೆ ಅವು ಕನ್ನಡಿಗರಿಗಾಗಿ ಮಾಡಿದವಲ್ಲ.

ನಾವು ವ್ಯಂಜನದಲ್ಲಿ ಮುಗಿಯುವ ಪದಕ್ಕೆ 'ಉ' ಸೇರಿಸುತ್ತೇವೆ. ಕಾರು, ಬಸ್ಸು ಅನ್ನುವವರು 'ಬ್ರೋಟ್' ಎಂಬ ಪದವನ್ನೂ 'ಬ್ರೋಟು' ಮಾಡಿಬಿಡುತ್ತೇವೆ. ಜರ್ಮನ್‌ನಲ್ಲಿ ಪದದ ಕೊನೆ ಚಕ್ಕನೆ ನಿಲ್ಲಬೇಕು. ಕೊನೆಯಲ್ಲಿರುವ ಬ, ದ, ಗ ಸದ್ದುಗಳು ಗಡುಸಾಗಿ ಪ, ತ, ಕ ಆಗುತ್ತವೆ ಕೂಡ. ದಿನ ಎಂಬ ಪದ 'ಟಾಕ್', 'ಮತ್ತು' ಎಂಬುದು 'ಉಂಟ್'.

ಹಾಗೆಯೇ ನಾವು 'ಎಂಟು' ಎಂಬುದನ್ನು 'ಯೆಂಟು' ಎಂದೂ 'ಒಂದು' ಎಂಬುದನ್ನು 'ವೊಂದು' ಎಂದೂ ಹೇಳುತ್ತೇವೆ. ಜರ್ಮನ್‌ನಲ್ಲಿ ಸ್ವರದಿಂದ ಶುರುವಾಗುವ ಪದದ ಮುಂದೆ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ. 'ಎಸ್ಸೆನ್' ಅನ್ನುವಾಗ ಮುಂದೆ 'ಯ' ನುಸುಳಬಾರದು, 'ಒಸ್ಟೆನ್' ಅನ್ನುವಾಗ 'ವ' ನುಸುಳಬಾರದು.

ಜರ್ಮನ್ 'ಟ' ನಮ್ಮ 'ತ'ವೂ ಅಲ್ಲ, 'ಟ'ವೂ ಅಲ್ಲ, ಎರಡರ ನಡುವಿನದು. ನಾಲಿಗೆ ತುದಿಯನ್ನು ಮೇಲೆ ಮಡಿಸದೆ ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ತಾಗಿಸಿ. ಪದದ ಮೊದಲಲ್ಲಿ ಬಂದಾಗ ಸ್ವಲ್ಪ ಉಸಿರೂ ಹೊರಡಬೇಕು. ಪ, ಕ ಸದ್ದುಗಳಿಗೂ ಹಾಗೇ.

'ರ' ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಂಟಲಿನ 'ರ' ಬಂದರೆ ಒಳ್ಳೆಯದು, ಬಾರದಿದ್ದರೆ ನಮ್ಮ ನಾಲಿಗೆ ತುದಿಯ 'ರ' ಎಲ್ಲರಿಗೂ ಅರ್ಥವಾಗುತ್ತದೆ. ಬವೇರಿಯಾ ಕಡೆ ಹಾಗೆ ಹೇಳುವವರೇ ಇದ್ದಾರೆ.

ಜರ್ಮನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದಾ?

ಮೊದಲ ಕೆಲವು ವಾರ ಬರೆದುಕೊಳ್ಳಿ, ಈ ಪುಟದಲ್ಲೂ ನಾನು ಹಾಗೇ ಮಾಡಿದ್ದೇನೆ. ಆದರೆ ಮೇಲೆ ಹೇಳಿದ ಹೊಸ ಸದ್ದುಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಹಾಗಾಗಿ ಬರೆದದ್ದನ್ನು ನಂಬಬೇಡಿ, ಕಿವಿಯನ್ನು ನಂಬಿ. ಒಂದೆರಡು ತಿಂಗಳೊಳಗೆ ಜರ್ಮನ್ ಬರವಣಿಗೆಗೆ ಹೋಗಿಬಿಡಿ. ಅದು ಇಂಗ್ಲಿಷಿನ ಹಾಗೆ ಗೊಂದಲದ್ದಲ್ಲ, ನಿಯಮ ಗೊತ್ತಾದರೆ ಹೆಚ್ಚುಕಡಿಮೆ ಎಲ್ಲ ಪದಗಳನ್ನೂ ನೋಡಿದ ಹಾಗೆ ಓದಬಹುದು.

'ಡೆರ್, ಡೀ, ಡಸ್' ಕೇಳಿಕೊಂಡೇ ಕಲಿಯಬಹುದಾ?

ನಾಮಪದಕ್ಕಿಂತ ಮೊದಲು ಬಂದು ಅದರ ಲಿಂಗ ತೋರಿಸುವ ಪುಟ್ಟ ಪದಗಳಿವು. ಆಡಿಯೊ ಪಾಠಗಳು ಸೋಲುವ ಜಾಗ ಇದು. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ಹೋಗುತ್ತದೆ: ಗಂಡಸು ಅವನು, ಹೆಂಗಸು ಅವಳು, ಉಳಿದದ್ದೆಲ್ಲ ಅದು. ಜರ್ಮನ್‌ನಲ್ಲಿ ಮೇಜು 'ಡೆರ್ ಟಿಶ್', ಪುಲ್ಲಿಂಗ. ದೀಪ 'ಡೀ ಲಾಂಪೆ', ಸ್ತ್ರೀಲಿಂಗ. ಪುಸ್ತಕ 'ಡಸ್ ಬೂಖ್', ನಪುಂಸಕ. ಹುಡುಗಿಯೂ ನಪುಂಸಕವೇ, ಯಾಕೆಂದರೆ 'ಶೆನ್' ಎಂದು ಮುಗಿಯುವ ಚಿಕ್ಕದನ್ನು ಸೂಚಿಸುವ ಪದಗಳೆಲ್ಲ 'ಡಸ್'. 'ಉಂಗ್', 'ಹೈಟ್', 'ಕೈಟ್' ಪ್ರತ್ಯಯಗಳಿಂದ ಆದ ನಾಮಪದಗಳು 'ಡೀ'. ಇಂಥ ಕೆಲವು ಸುಳಿವು ಬಿಟ್ಟರೆ ಉಳಿದದ್ದನ್ನು ಪದದ ಜೊತೆಗೇ ಕಲಿಯಬೇಕು.

ಸಹಜ ವೇಗದ ಮಾತಿನಲ್ಲಿ ಇವು ಸರಿಯಾಗಿ ಕೇಳುವುದೂ ಇಲ್ಲ. 'ಒಂದು' ಎಂಬ ಅರ್ಥದ 'ಐನ್' ಬರೀ 'ನ್' ಆಗಿ ನುಂಗಿಹೋಗುತ್ತದೆ. ಅದಕ್ಕೇ ಪಾಠ ಮುಗಿದ ಮೇಲೆ ಐದು ನಿಮಿಷ ಕೂತು, ಹೊಸ ನಾಮಪದಗಳನ್ನು 'ಡೆರ್, ಡೀ, ಡಸ್' ಸಮೇತ ಬರೆಯಿರಿ. ಬರೆಯುವಾಗ ಜೋರಾಗಿ ಹೇಳಿ. 'ಟಿಶ್' ಎಂದು ಎಂದೂ ಕಲಿಯಬೇಡಿ, 'ಡೆರ್ ಟಿಶ್' ಎಂದೇ ಕಲಿಯಿರಿ.

ವಿಭಕ್ತಿಯ ವಿಷಯದಲ್ಲಿ ಮಾತ್ರ ನಮಗೆ ಅನುಕೂಲವಿದೆ. 'ಮೇಜು', 'ಮೇಜನ್ನು' ಎಂಬ ವ್ಯತ್ಯಾಸ ನಮಗೆ ಹೊಸದಲ್ಲ. ನಾವು ಪದದ ಕೊನೆಗೆ ಸೇರಿಸುತ್ತೇವೆ, ಅವರು ನಾಮಪದಕ್ಕಿಂತ ಮೊದಲು ಬರುವ ಪದವನ್ನು ಬದಲಿಸುತ್ತಾರೆ: 'ಡೆರ್ ಟಿಶ್', 'ಡೆನ್ ಟಿಶ್'. ದ್ವಿತೀಯಾ ವಿಭಕ್ತಿಯಲ್ಲಿ 'ಡೀ' ಮತ್ತು 'ಡಸ್' ಬದಲಾಗುವುದೇ ಇಲ್ಲ.

ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದಂತೆ, ನಿಜವಾ?

ಕೆಲವು ಕಡೆ ಹೌದು. ಹೆದರಬೇಡಿ, ಕನ್ನಡಿಗರು ಖುಷಿಪಡಬೇಕಾದ ವಿಷಯ ಇದು. 'ವೈಲ್ ಇಶ್ ಇನ್ ಬೆರ್ಲೀನ್ ಆರ್ಬೈಟೆ' ಎಂಬುದರಲ್ಲಿ 'ವೈಲ್' ಎಂದರೆ 'ಯಾಕೆಂದರೆ'. ಆಮೇಲಿನದು 'ನಾನು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತೇನೆ' ಎಂಬ ನಮ್ಮ ಕ್ರಮವೇ. 'ಇಶ್ ಕಾನ್ ಹಾಯ್ಟೆ ನಿಶ್ಟ್ ಕೊಮ್ಮೆನ್' (ನಾನು ಇವತ್ತು ಬರಲಾರೆ) ಎಂದಾಗಲೂ 'ಬರುವುದು' ಎಂಬುದು ಕೊನೆಗೇ ಇದೆ. ವಾಕ್ಯ ಮುಗಿಯುವವರೆಗೆ ಕಾಯುವುದು ನಮಗೆ ರೂಢಿ.

ನಾವು ಎಡವುವುದು ಸರಳ ವಾಕ್ಯದಲ್ಲಿ. ಅಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಕೂರಬೇಕು. 'ಇವತ್ತು' ಎಂದು ಶುರು ಮಾಡಿದರೆ 'ಹಾಯ್ಟೆ ಲೆರ್ನೆ ಇಶ್ ಡಾಯ್ಚ್', ಅಂದರೆ 'ನಾನು' ಹಿಂದಕ್ಕೆ ಸರಿಯುತ್ತದೆ. ಇದಕ್ಕೆ ನಿಯಮ ಯೋಚಿಸುತ್ತಾ ಕೂತರೆ ಮಾತು ನಿಲ್ಲುತ್ತದೆ. ಕೋರ್ಸಿನ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿದಾಗ ಇದು ತಾನಾಗಿ ಬಾಯಿಗೆ ಬರುತ್ತದೆ. ಆಡಿಯೊ ಪಾಠದ ದೊಡ್ಡ ಲಾಭ ನನ್ನ ಪ್ರಕಾರ ಇದೇ.

ಸಂಖ್ಯೆಗಳು ಯಾಕೆ ಇಷ್ಟು ಗೊಂದಲ?

21ರಿಂದ ಮುಂದೆ ಬಿಡಿಸ್ಥಾನ ಮೊದಲು ಬರುತ್ತದೆ. 21 ಎಂದರೆ 'ಒಂದು ಮತ್ತು ಇಪ್ಪತ್ತು', 'ಐನ್-ಉಂಟ್-ಟ್ಸ್ವಾನ್‌ಟ್ಸಿಶ್'. ಸಮಯವೂ ಹಾಗೇ ಎಚ್ಚರ ಬೇಡುತ್ತದೆ. 'ಹಾಲ್ಪ್ ಆಖ್ಟ್' ಎಂದರೆ ಎಂಟೂವರೆ ಅಲ್ಲ, ಏಳೂವರೆ. ಎಂಟರ ಕಡೆಗೆ ಅರ್ಧ ದಾರಿ ಆಗಿದೆ ಎಂಬ ಲೆಕ್ಕ ಅವರದು. ಫೋನಿನಲ್ಲಿ 'ಟ್ಸ್ವೈ' ಮತ್ತು 'ಡ್ರೈ' ಒಂದೇ ಥರ ಕೇಳುವುದರಿಂದ ಎರಡು ಎನ್ನಲು 'ಟ್ಸ್ವೋ' ಎಂದು ಹೇಳುವುದೂ ಉಂಟು. ದಿನಾ ಕಣ್ಣಿಗೆ ಬಿದ್ದ ನಂಬರುಗಳನ್ನೆಲ್ಲ ಜರ್ಮನ್‌ನಲ್ಲಿ ಹೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

'ಡೂ' ಅನ್ನಬೇಕಾ, 'ಸೀ' ಅನ್ನಬೇಕಾ?

ನೀನು, ನೀವು, ಅಷ್ಟೇ. ಗುರುತಿಲ್ಲದ ದೊಡ್ಡವರಿಗೆ, ಕಚೇರಿಗಳಲ್ಲಿ 'ಸೀ'. ಗೆಳೆಯರು, ಮನೆಯವರು, ಮಕ್ಕಳಿಗೆ 'ಡೂ'. ಒಂದು ವ್ಯತ್ಯಾಸ ಇದೆ: ಅಲ್ಲಿ ಅಪ್ಪ-ಅಮ್ಮ, ಅಜ್ಜ-ಅಜ್ಜಿಗೂ 'ಡೂ' ಎಂದೇ ಹೇಳುತ್ತಾರೆ.

ವೇಗ ಕಡಿಮೆ ಮಾಡಿ ಕೇಳಬಹುದಾ?

ಕಥೆ, ಸಂಭಾಷಣೆಗಳನ್ನು ಮೊದಲ ಸಲ ನಿಧಾನಕ್ಕೆ ಕೇಳಿ, ಎರಡನೇ ಸಲ ಸಹಜ ವೇಗಕ್ಕೆ ಬನ್ನಿ. ಪ್ರಶ್ನೋತ್ತರದ ಪಾಠಗಳಲ್ಲಿ ವೇಗ ಇಳಿಸಬೇಡಿ. ಸಮಯ ಸಾಲದಿದ್ದರೆ ಪಾಜ್ ಒತ್ತಿ, ಉತ್ತರ ಹೇಳಿ, ಮುಂದುವರಿಸಿ.

ಎ1 ಮಟ್ಟ ಮುಟ್ಟಲು ಎಷ್ಟು ಕಾಲ ಬೇಕು?

ಎ1 ಎಂದರೆ ಯುರೋಪಿನ ಭಾಷಾ ಮಟ್ಟಗಳಲ್ಲಿ ಮೊದಲನೆಯದು; ಆಮೇಲೆ ಎ2, ಬಿ1, ಬಿ2 ಹೀಗೆ ಮೇಲೆ ಹೋಗುತ್ತದೆ. ಎ1 ಮುಟ್ಟಲು ಗೋಯ್ಟೆ ಇನ್‌ಸ್ಟಿಟ್ಯೂಟ್ ಹೇಳುವ ಲೆಕ್ಕ 45 ನಿಮಿಷದ 80ರಿಂದ 200 ತರಗತಿಗಳು. ಅಂದರೆ 60ರಿಂದ 150 ಗಂಟೆ. ದಿನಕ್ಕೆ ಅರ್ಧ ಗಂಟೆ ತಪ್ಪದೆ ಕೂತರೆ ಸುಮಾರು ನಾಲ್ಕರಿಂದ ಹತ್ತು ತಿಂಗಳು. ಇದನ್ನು ಕೋರ್ಸುಗಳ ಉದ್ದದ ಜೊತೆ ಹೋಲಿಸಿ ನೋಡಿ. ಪಿಮ್ಸ್‌ಲರ್‌ನ ಒಂದು ಹಂತ ಒಟ್ಟು 15 ಗಂಟೆ ಮಾತ್ರ. ಒಂದು ತಿಂಗಳಲ್ಲಿ ಅದನ್ನು ಮುಗಿಸಿ 'ಎ1 ಆಯ್ತು' ಅಂದುಕೊಳ್ಳುವುದು ಸರಿಯಲ್ಲ.

ಹಾಗಾದರೆ ಎ1 ಪರೀಕ್ಷೆಗೆ ಆಡಿಯೊ ಸಾಕಾಗುತ್ತಾ?

ಸಾಲುವುದಿಲ್ಲ. ದೊಡ್ಡವರಿಗಾಗಿ ಇರುವ 'ಶ್ಟಾರ್ಟ್ ಡಾಯ್ಚ್ 1' ಪರೀಕ್ಷೆಯಲ್ಲಿ ನಾಲ್ಕು ಭಾಗ: ಕೇಳುವುದು ಸುಮಾರು 20 ನಿಮಿಷ, ಓದುವುದು 25, ಬರೆಯುವುದು 20, ಮಾತು 15. ನೂರಕ್ಕೆ 60 ಅಂಕ ಬಂದರೆ ಪಾಸ್. ಕೇಳುವ ಮತ್ತು ಮಾತಾಡುವ ಭಾಗಕ್ಕೆ ಆಡಿಯೊ ಕೋರ್ಸು ಗಟ್ಟಿ ತಳಪಾಯ ಹಾಕಿಕೊಡುತ್ತದೆ. ಓದಲು, ಬರೆಯಲು ಬೇರೆ ತಯಾರಿ ಬೇಕು. ಒಂದು ಅರ್ಜಿ ನಮೂನೆ ತುಂಬಬೇಕು, ಒಂದು ಚಿಕ್ಕ ಪತ್ರ ಅಥವಾ ಇಮೇಲ್ ಬರೆಯಬೇಕು. ನಾಮಪದಗಳೆಲ್ಲ ದೊಡ್ಡ ಅಕ್ಷರದಿಂದ ಶುರುವಾಗುತ್ತವೆ ಎಂಬುದು ಕೇಳಿದರೆ ಗೊತ್ತಾಗುವುದಿಲ್ಲವಲ್ಲ!

ಕೇಳುವ ಭಾಗದಲ್ಲಿ ಫೋನ್ ಸಂದೇಶಗಳು, ನಿಲ್ದಾಣದ ಪ್ರಕಟಣೆಗಳು ಬರುತ್ತವೆ. ಸಂಖ್ಯೆ, ಸಮಯ, ಪ್ಲಾಟ್‌ಫಾರಂ, ಬೆಲೆ, ಎಲ್ಲ ಕಿವಿಯಲ್ಲೇ ಹಿಡಿಯಬೇಕು. ಮಾತಿನ ಭಾಗದಲ್ಲಿ ನಿಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಎನ್ನುತ್ತಾರೆ. ಆಗ ಇಂಗ್ಲಿಷಿನ 'ಜೆ' ಎನ್ನುವ ಹಾಗಿಲ್ಲ, ಅದು 'ಯೊಟ್'. 'ವಿ' ಎಂಬುದು 'ಫೌ', 'ಡಬ್ಲ್ಯು' ಎಂಬುದು 'ವೇ'. ಪರೀಕ್ಷೆಗೆ ಹೋಗುವ ಮುಂಚೆ ನಿಮ್ಮ ಪೂರ್ತಿ ಹೆಸರನ್ನು ಹೀಗೆ ಹೇಳಲು ಕಲಿತಿರಿ. ಮಾದರಿ ಪ್ರಶ್ನೆಪತ್ರಿಕೆ, ಅದರ ಆಡಿಯೊ, ಸುಮಾರು 650 ಪದಗಳ ಪಟ್ಟಿ, ಮೂರೂ ಗೋಯ್ಟೆ ಇನ್‌ಸ್ಟಿಟ್ಯೂಟಿನ ತಾಣದಲ್ಲೇ ಉಚಿತವಾಗಿ ಸಿಗುತ್ತವೆ.

ಮಾತಾಡಲು ಜೊತೆಗೆ ಯಾರೂ ಇಲ್ಲ. ಏನು ಮಾಡಲಿ?

ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ. ಕೋರ್ಸಿನ ಒಂದು ವಾಕ್ಯ, ಅದರ ಪಕ್ಕದಲ್ಲಿ ನಿಮ್ಮದು. ಎರಡನ್ನೂ ಕೇಳಿದಾಗ ತಪ್ಪು ತಾನೇ ಎದ್ದು ಕಾಣುತ್ತದೆ. ಇನ್ನೊಂದು ಉಪಾಯ, ಆಡಿಯೊದಲ್ಲಿ ಮಾತಾಡುವವರ ಬೆನ್ನಿಗೇ ಅರ್ಧ ಕ್ಷಣ ತಡವಾಗಿ ಅದೇ ಮಾತನ್ನು ಅದೇ ರಾಗದಲ್ಲಿ ಹೇಳುತ್ತಾ ಹೋಗುವುದು. ಅರ್ಥ ಗೊತ್ತಿರುವ ಪಾಠದಲ್ಲಿ ಮಾತ್ರ ಇದನ್ನು ಮಾಡಿ. ಜರ್ಮನ್ ಮಾತಿನ ಏರಿಳಿತ ನಾಲಿಗೆಗೆ ಹತ್ತುವುದು ಹೀಗೆ.

ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗೂ ಇದೇ ಜರ್ಮನ್ ನಡೆಯುತ್ತಾ?

ನಿಮ್ಮ ಮಾತು ಅವರಿಗೆ ಅರ್ಥವಾಗುತ್ತದೆ. ಆಸ್ಟ್ರಿಯಾದಲ್ಲಿ ಕೆಲವು ಪದಗಳು ಬೇರೆ, ಅಷ್ಟೇ. ಸ್ವಿಸ್ ಜನ ತಮ್ಮತಮ್ಮಲ್ಲಿ ಆಡುವ ಜರ್ಮನ್ ಮಾತ್ರ ಬಹಳ ಬೇರೆ, ಜರ್ಮನಿಯವರಿಗೂ ಕಷ್ಟ. ಬರವಣಿಗೆ ಮತ್ತು ಶಾಲೆಯ ಭಾಷೆ ನಾವು ಕಲಿಯುವ ಜರ್ಮನ್ನೇ.

ಮಧ್ಯೆ ಬಿಟ್ಟುಬಿಟ್ಟೆ. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಬೇಡ. ನಿಲ್ಲಿಸಿದ ಜಾಗದಿಂದ ನಾಲ್ಕೈದು ಪಾಠ ಹಿಂದೆ ಹೋಗಿ. ಅಲ್ಲಿಯೂ ತಡವರಿಸಿದರೆ ಇನ್ನೂ ನಾಲ್ಕು ಹಿಂದೆ. ಪ್ರತಿ ಸಲ ಮೊದಲಿಂದ ಶುರು ಮಾಡುವವರಿಗೆ ಮೊದಲ ಹತ್ತು ಪಾಠ ಬಾಯಿಪಾಠ ಆಗಿರುತ್ತದೆ, ಹನ್ನೊಂದನೆಯದು ಯಾವತ್ತೂ ಬರುವುದಿಲ್ಲ.

ಕೋರ್ಸ್ ಮುಗಿಯಿತು. ಮುಂದೆ ಏನು ಕೇಳಲಿ?

ಡಾಯ್ಚೆ ವೆಲ್ಲೆಯ 'ನೀಕೋಸ್ ವೇಕ್' ನೋಡಿ. ಸ್ಪೇನಿನಿಂದ ಜರ್ಮನಿಗೆ ಬಂದು ಚೀಲ ಕಳೆದುಕೊಂಡ ನೀಕೋ ಎಂಬ ಹುಡುಗನ ಕಥೆ, ಎ1ರಿಂದ ಬಿ1ರವರೆಗೆ ಹೋಗುತ್ತದೆ. ವಿಡಿಯೊ ಆದರೂ ಒಮ್ಮೆ ನೋಡಿ, ಎರಡನೇ ಸಲ ಪರದೆ ತಿರುಗಿಸಿಟ್ಟು ಬರೀ ಕೇಳಿ. ಅದೇ ಸಂಸ್ಥೆಯ 'ನಿಧಾನವಾಗಿ ಓದಿದ ಸುದ್ದಿ' ಬಹಳ ಜನ ಎ1 ಮುಗಿದ ಕೂಡಲೇ ಹಾಕಿಕೊಳ್ಳುತ್ತಾರೆ, ಏನೂ ಅರ್ಥವಾಗದೆ ಕುಗ್ಗುತ್ತಾರೆ. ಓದುವುದು ನಿಧಾನವಾದರೂ ಭಾಷೆ ನಿಜವಾದ ಸುದ್ದಿಯದೇ, ಬಿ2 ಮಟ್ಟ ಮುಟ್ಟಿದವರಿಗಾಗಿ ಮಾಡಿದ್ದು. ಅದಕ್ಕೆ ಮುಂಚೆ ಬಿ1 ಮಟ್ಟದ 'ಟಾಪ್ ಥೆಮಾ' ಕೇಳಿ. ಅದರಲ್ಲಿ ಪೂರ್ತಿ ಬರಹವೂ ಕಷ್ಟ ಪದಗಳ ಅರ್ಥವೂ ಜೊತೆಗೇ ಇರುತ್ತವೆ.